ಎಂಟನೆಯವಳನ್ನು ಅಳಿಸಿದ ಕೈ

ಬೆಳಗಿನ ಆರು ಗಂಟೆ. ಪ್ರಾರ್ಥನಾ ಮಂದಿರದ ಪಕ್ಕದ ಬಾಗಿಲು ಅರ್ಧ ತೆರೆದಿದೆ. ಒಳಗೆ ಸಾಲು ಬೆಂಚುಗಳು ಇನ್ನೂ ಕತ್ತಲಲ್ಲಿವೆ. ಪೂರ್ವದ ಎತ್ತರದ ಕಿಟಕಿಯಿಂದ ಬಂದ ಮೊದಲ ಬೆಳಕು ಎದುರು ಗೋಡೆಯ ಮೇಲೆ ಒಂದು ಚಾಪೆಯಷ್ಟಗಲ ಬಿದ್ದಿದೆ. ಅದಕ್ಕೇ ಕಾದಿದ್ದ ಹೆಂಗಸೊಬ್ಬರು ಮರದ ಅಟ್ಟಣೆ ಹತ್ತಿ ಕೂರುತ್ತಾರೆ. ಸೊಂಟಕ್ಕೆ ಕಟ್ಟಿದ ಬಟ್ಟೆಚೀಲದಿಂದ ಚಿಟಿಕೆ ಹತ್ತಿ ತೆಗೆದು ತೆಳ್ಳನೆಯ ಕಡ್ಡಿಯ ತುದಿಗೆ ಸುತ್ತುತ್ತಾರೆ. ಬಾಯಿಗಿಟ್ಟು ಒದ್ದೆ ಮಾಡಿಕೊಳ್ಳುತ್ತಾರೆ. ಆಮೇಲೆ ಗೋಡೆಯ ಮೇಲಿರುವ ಸಂತನೊಬ್ಬನ ಹಿಮ್ಮಡಿಯ ಮೇಲೆ ಅದನ್ನು ಮೆಲ್ಲಗೆ ಉರುಳಿಸುತ್ತಾರೆ. ಉಜ್ಜುವುದಿಲ್ಲ, ಉರುಳಿಸುತ್ತಾರೆ. ಹತ್ತಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅದನ್ನು ಕಿತ್ತು ಡಬ್ಬಿಗೆ ಹಾಕಿ ಇನ್ನೊಂದು ಸುತ್ತುತ್ತಾರೆ.

ಅರ್ಧ ಗಂಟೆ ಕಳೆಯುತ್ತದೆ. ಸಂತನ ಹಿಮ್ಮಡಿಯಲ್ಲಿ ಒಂದು ಬಿರುಕು ಕಾಣಿಸುತ್ತದೆ. ಗೋಡೆಯ ಬಿರುಕಲ್ಲ, ಚಿತ್ರಕಾರ ಬೇಕೆಂದೇ ಬರೆದ ಬಿರುಕು. ಬಹಳ ದೂರ ನಡೆದವನ ಕಾಲು ಅದು.

"ನೋಡಿ, ಮುನ್ನೂರು ವರ್ಷದ ಹಿಂದೆ ಯಾರೋ ಒಬ್ಬ ಇಷ್ಟು ಸಣ್ಣದನ್ನ ಗಮನಿಸಿ ಬರೆದಿದ್ದಾನೆ. ಕೆಳಗೆ ನಿಂತೋರಿಗೆ ಇದು ಕಾಣೋದೇ ಇಲ್ಲ. ಆದರೂ ಬರೆದ" ಎಂದು ಅವರು, ತಲೆ ತಿರುಗಿಸದೆ, ಬರೆದುಕೊಳ್ಳಲು ಬಂದ ನನಗೆ ಹೇಳುತ್ತಾರೆ.

ಮಂದಿರಕ್ಕೆ ಬರುವವರಿಗೆಲ್ಲ ಅವರು 'ಹತ್ತಿಯಕ್ಕ'. ವಯಸ್ಸು ಅರವತ್ತಮೂರು. ಗೋಡೆಗಳ ಮೇಲಿನ ಹಳೆಯ ಚಿತ್ರಗಳಿಂದ ಮಸಿ, ಜಿಡ್ಡು, ಧೂಳು ಬಿಡಿಸುವುದು ಅವರ ಕೆಲಸ. ಇಪ್ಪತ್ತೆರಡು ವರ್ಷಗಳಿಂದ ಅದನ್ನೇ ಮಾಡುತ್ತಿದ್ದಾರೆ. ಹಬೆಯಾಡುವ ಚಹಾ ಲೋಟದಿಂದ ಹಿಡಿದು ಒದ್ದೆ ಕೊಡೆಯವರೆಗೆ ಯಾವುದನ್ನೂ ಗೋಡೆಯ ಹತ್ತಿರ ತರಲು ಬಿಡುವುದಿಲ್ಲ. ಇಷ್ಟು ಕಟ್ಟುನಿಟ್ಟಿನವರು ಚಿತ್ರಕ್ಕೆ ಎಂಜಲು ಹಚ್ಚುತ್ತಾರಲ್ಲ ಎಂದು ಮೊದಮೊದಲು ದೊಡ್ಡ ಗಲಾಟೆಯೇ ಆಗಿತ್ತು. ಕಾವಲುಗಾರ ಓಡಿಹೋಗಿ ಆಡಳಿತ ಮಂಡಳಿಗೆ ದೂರು ಕೊಟ್ಟಿದ್ದ. ಅವರು ಕರೆಸಿ ಕೇಳಿದಾಗ ಹತ್ತಿಯಕ್ಕ ಹೇಳಿದ್ದು ಒಂದೇ ಮಾತು: "ಮಗು ಮುಖಕ್ಕೆ ಮಸಿ ಮೆತ್ಕೊಂಡ್ರೆ ತಾಯಿ ಏತರಲ್ಲಿ ಒರೆಸ್ತಾಳೆ ಸ್ವಾಮಿ?"

ಮಂಡಳಿಯವರು ದೂರನ್ನು ಅಲ್ಲಿಗೇ ಬಿಟ್ಟರು. ನಿಜವೆಂದರೆ, ಹತ್ತಿಯಕ್ಕನಿಗೆ ಇದನ್ನು ಕಲಿಸಿದ ತಜ್ಞರೂ ಎಂಜಲನ್ನೇ ಬಳಸುತ್ತಿದ್ದರು. ಜಿಡ್ಡು ಬಿಡಿಸಲು ಅದಕ್ಕಿಂತ ಮೃದುವಾದದ್ದು ಇನ್ನೊಂದಿಲ್ಲವಂತೆ.

ಬೆಳಕು ಗೋಡೆಯ ಮೇಲೆ ನೇರವಾಗಿ ಬೀಳುವುದು ಹತ್ತು ಗಂಟೆಯವರೆಗೆ ಮಾತ್ರ. ಅಷ್ಟರಲ್ಲಿ ಎಂಬತ್ತು, ತೊಂಬತ್ತು ಹತ್ತಿ ಕಡ್ಡಿಗಳು ಕಂದಾಗುತ್ತವೆ. ಒಂದು ದಿನಕ್ಕೆ ಒಂದು ಅಂಗೈಯಷ್ಟು ಜಾಗ ಬೆಳಗುತ್ತದೆ. ಗೋಡೆಗಳು ನಾಲ್ಕು, ಒಂದೊಂದೂ ಮೂವತ್ತು ಹೆಜ್ಜೆ ಉದ್ದ. ಇಪ್ಪತ್ತೆರಡು ವರ್ಷಗಳಲ್ಲಿ ಮುಗಿದಿರುವುದು ಎರಡು ಗೋಡೆ, ಮೂರನೆಯದರಲ್ಲಿ ಅರ್ಧ. "ಆಮೆ ನನ್ನ ನೋಡಿ ನಕ್ಕುಬಿಡುತ್ತೆ" ಎಂದು ಅವರೇ ತಮಾಷೆ ಮಾಡಿಕೊಳ್ಳುತ್ತಾರೆ.

ಮನೆ ಮಂದಿರದಿಂದ ಮೂರು ಬೀದಿಯಾಚೆ, ಬೀಗ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಅಂಗಡಿ ಅವರ ಗಂಡನದಾಗಿತ್ತು. ಆತ ತೀರಿಕೊಂಡು ಹನ್ನೊಂದು ವರ್ಷವಾಗಿದೆ, ಈಗ ಬೇರೆಯವರು ನಡೆಸುತ್ತಾರೆ. ಮಗಳು ನಗರದ ಬಸ್ಸು ಓಡಿಸುತ್ತಾಳೆ. ಮೊದಲ ಪಾಳಿ ಇರುವ ದಿನ ತಾಯಿ ಮಗಳು ಒಟ್ಟಿಗೇ ಮನೆ ಬಿಡುತ್ತಾರೆ. "ಅಮ್ಮ ಮನೆಗೆ ಬಂದ್ರೂ ಗೋಡೇನೇ ನೋಡ್ತಾ ಕೂರ್ತಾಳೆ. ಸುಣ್ಣ ಬಳಿದ ಗೋಡೇಲಿ ಏನಿದೆಯಮ್ಮಾ ಅಂದ್ರೆ, ಏನಿತ್ತೋ ಅಂತ ಯೋಚಿಸ್ತಿದ್ದೀನಿ ಅಂತಾಳೆ" ಎಂದು ಮಗಳು ನಗುತ್ತಾಳೆ.

ಗೋಡೆಗಳ ಮೇಲಿರುವುದು ಗುರುವಿನ ಜೀವನದ ಕತೆ. ಹುಟ್ಟು, ಅಲೆದಾಟ, ಬೋಧನೆ, ಸಾವು. ನಾಲ್ಕೂ ಗೋಡೆ ಸೇರಿ ಈವರೆಗೆ ಕಣ್ಣಿಗೆ ಕಂಡವರು ನಾನೂರ ಹನ್ನೊಂದು ಜನ. ಅದರಲ್ಲಿ ಹೆಂಗಸರು ಎಷ್ಟು ಎಂದು ಕೇಳಿದರೆ ಹತ್ತಿಯಕ್ಕ ತಡವರಿಸುವುದಿಲ್ಲ. ಇದನ್ನು ಅವರು ಎಲ್ಲೂ ಬರೆದಿಟ್ಟಿಲ್ಲ, ಬಾಯಲ್ಲೇ ಇದೆ.

"ಐವತ್ತಮೂರು. ಅಳ್ತಾ ಇರೋರೇ ಇಪ್ಪತ್ತೆರಡು ಜನ. ಆಮೇಲೆ ನೀರು ಹೊತ್ತೋರು, ಮಗು ಎತ್ಕೊಂಡೋರು, ಯಾರದೋ ಕಾಲು ತೊಳೀತಾ ಇರೋರು. ಕಿಟಕಿಯಿಂದ ಇಣುಕೋರು ಆರು ಜನ, ಅವರಿಗೆ ಹೊರಗೆ ಬರೋಕೆ ಅಪ್ಪಣೆ ಇಲ್ಲ ಅಂತ ಕಾಣುತ್ತೆ. ಗುರುವಿನ ತಾಯಿ ಏಳು ಸಲ ಬರ್ತಾಳೆ. ಏಳು ಸಲವೂ ಬಾಯಿ ಮುಚ್ಕೊಂಡಿದ್ದಾಳೆ. ಗುರುವಿನ ಮನಸ್ಸು ಕೆಡಿಸೋಕೆ ಬಂದೋರು ಮೂರು ಜನ." ಅಟ್ಟಣೆಯ ಮೇಲಿಂದ ಕೆಳಗೆ ಬಗ್ಗಿ, ಗುಟ್ಟು ಹೇಳುವವರಂತೆ ದನಿ ತಗ್ಗಿಸುತ್ತಾರೆ: "ಇಡೀ ಮಂದಿರದಲ್ಲಿ ಒಳ್ಳೆ ಬಟ್ಟೆ ಇರೋದು ಆ ಮೂರು ಜನಕ್ಕೆ ಮಾತ್ರ."

ನಗುತ್ತಾರೆ. ಮರುಕ್ಷಣವೇ ಆ ನಗು ಹೋಗುತ್ತದೆ.

"ಮಾತಾಡ್ತಾ ಇದ್ದೋಳು ಒಬ್ಬಳೇ. ಅವಳನ್ನ ನಾನೇ ಅಳಿಸಿಹಾಕಿದೆ."

ದಕ್ಷಿಣದ ಗೋಡೆಯ ಮಧ್ಯದಲ್ಲಿ ಗುರುವಿನ ಸುತ್ತ ಶಿಷ್ಯರು ಕೂತ ಚಿತ್ರವಿದೆ. ಹನ್ನೆರಡು ಜಾಗ, ಹನ್ನೊಂದು ಗಂಡಸರು. ಏಳನೆಯವನಿಗೂ ಒಂಬತ್ತನೆಯವನಿಗೂ ನಡುವೆ, ಎಂಟನೆಯ ಜಾಗದಲ್ಲಿ, ಸ್ವಲ್ಪ ಕೆಳಗೆ, ಒಬ್ಬ ಹೆಂಗಸು ನೆಲಕ್ಕೆ ಬಾಗಿದ್ದಾಳೆ. ಕೂದಲು ಬಿಚ್ಚಿಹೋಗಿದೆ. ಕೆನ್ನೆಯ ಮೇಲೆ ನೀರು. ತಪ್ಪು ಮಾಡಿ ಕ್ಷಮೆ ಬೇಡುತ್ತಿರುವ ಹೆಂಗಸು. ಮಂದಿರಕ್ಕೆ ಬಂದವರಲ್ಲಿ ಹೆಚ್ಚಿನವರು ಬಂದು ನಿಲ್ಲುವುದು ಇವಳ ಮುಂದೆಯೇ. ಬಾಗಿಲ ಬಳಿ ಮಾರುವ ಚಿತ್ರಪಟಗಳಲ್ಲಿ ಗುರುವಿಗಿಂತ ಮೊದಲು ಖಾಲಿಯಾಗುವುದು ಇವಳದು. ಅಷ್ಟು ಚೆನ್ನಾಗಿದ್ದಾಳೆ. ಆ ಕಣ್ಣೀರು ಈಗಷ್ಟೇ ಇಳಿದಂತಿದೆ.

ಮೂವತ್ತೊಂಬತ್ತು ವರ್ಷಗಳ ಹಿಂದೆ ಆ ಜಾಗದಲ್ಲಿ ಇದ್ದವಳು ಬೇರೆ. ಉಳಿದ ಶಿಷ್ಯರ ಸಾಲಿನಲ್ಲೇ, ಅವರಷ್ಟೇ ಎತ್ತರದಲ್ಲಿ, ಬೆನ್ನು ನೇರವಾಗಿಟ್ಟು ಕೂತಿದ್ದಳು. ತೊಡೆಯ ಮೇಲೆ ತೆರೆದ ಪುಸ್ತಕ. ಬಲಗೈಯ ತೋರುಬೆರಳು ಮೇಲೆತ್ತಿತ್ತು. ಬಾಯಿ ಅರೆ ತೆರೆದಿತ್ತು. ಪಕ್ಕದವರಿಬ್ಬರೂ ತಲೆ ವಾಲಿಸಿ ಅವಳ ಮಾತು ಕೇಳುತ್ತಿದ್ದರು. ಆ ಇಬ್ಬರು ಈಗಲೂ ಹಾಗೆಯೇ ತಲೆ ವಾಲಿಸಿದ್ದಾರೆ. ಯಾಕೆಂದು ಯಾರೂ ಕೇಳಿಲ್ಲ.

ಹತ್ತಿಯಕ್ಕನ ತಂದೆ ಚಿತ್ರಕಾರ. ಬೋರ್ಡು ಬರೆಯುತ್ತಿದ್ದರು, ಮಂದಿರಗಳ ಗೋಡೆ ರಿಪೇರಿ ಮಾಡುತ್ತಿದ್ದರು. ತಾಯಿ ಬಣ್ಣ ಅರೆಯುತ್ತಿದ್ದರು. "ಅಪ್ಪನ ಬಣ್ಣ ಅಂದ್ರೆ ಊರಿಗೆಲ್ಲ ಹೆಸರು. ಅರೆದು ಅರೆದು ಅಮ್ಮನ ಉಗುರು ಮಾತ್ರ ಯಾವಾಗಲೂ ನೀಲಿ. ನೆಂಟರ ಮನೆಗೆ ಹೋದ್ರೆ ಕೈ ಮುಚ್ಕೊಂಡು ಕೂರ್ತಿದ್ಳು" ಎಂದು ನೆನೆಯುತ್ತಾರೆ. ತಂದೆಗೆ ಐವತ್ತು ದಾಟುತ್ತಲೇ ಕೈ ನಡುಗಲು ಶುರುವಾಯಿತು. ಅಗಲ ಜಾಗಗಳಿಗೆ ಬಣ್ಣ ಬಳಿಯಬಲ್ಲವರಾಗಿದ್ದರು, ಕಣ್ಣು ಮೂಗು ಬರೆಯಲಾರರು. ಹೊರಗೆ ಗೊತ್ತಾದರೆ ಕೆಲಸ ಸಿಗುವುದಿಲ್ಲ. ಹೀಗಾಗಿ ಇಪ್ಪತ್ತರ ಹರೆಯದ ಮಗಳು, ಬಣ್ಣದ ಡಬ್ಬಿ ಹಿಡಿದುಕೊಳ್ಳಲು ಬಂದವಳಂತೆ ಜತೆಗೆ ಬಂದು, ಯಾರೂ ಇಲ್ಲದಾಗ ಮುಖಗಳನ್ನು ಬರೆಯುತ್ತಿದ್ದಳು. ಹೆಸರು ತಂದೆಯದು.

ಹತ್ತಿಯಕ್ಕನಿಗೆ ಇಪ್ಪತ್ತನಾಲ್ಕು ತುಂಬಿದ ವರ್ಷ ದಕ್ಷಿಣದ ಗೋಡೆಯನ್ನು ಹೊಸದಾಗಿಸುವ ಕೆಲಸ ಬಂತು. ಆಗಿನ ಅಧ್ಯಕ್ಷರು ಶಿಷ್ಯರ ಚಿತ್ರದ ಮುಂದೆ ನಿಂತು ಎಂಟನೆಯವಳತ್ತ ಬೆತ್ತ ತೋರಿಸಿ ಹೇಳಿದ ಮಾತು ಹತ್ತಿಯಕ್ಕನಿಗೆ ಅಕ್ಷರಕ್ಕೆ ಅಕ್ಷರ ನೆನಪಿದೆ. "ಗುರುಗಳ ಪಕ್ಕ ಹೆಂಗಸು ಕೂತು ಪಾಠ ಹೇಳೋದುಂಟೇನ್ರಿ? ಹಳೇ ಕಾಲದೋನು ಯಾವನೋ ತಪ್ಪು ಬರೆದಿದ್ದಾನೆ. ಇವಳನ್ನ ಕೆಳಗಿಳಿಸಿ. ಕ್ಷಮೆ ಕೇಳೋ ಹಾಗೆ ಬರೀರಿ. ಜನಕ್ಕೆ ಅದೇ ಇಷ್ಟ."

ತಂದೆ ತಲೆಯಾಡಿಸಿದರಂತೆ. ಅಧ್ಯಕ್ಷರು ಹೋದ ಮೇಲೆ ಮಗಳ ಕಡೆ ತಿರುಗಿ, "ಮುಖ ನೀನೇ ಬರೀಬೇಕಲ್ಲ ಮಗಳೇ" ಎಂದರಂತೆ.

"ಅಪ್ಪ ಬಲವಂತ ಮಾಡಲಿಲ್ಲ. ಅದನ್ನ ಸರಿಯಾಗಿ ಬರ್ಕೊಳ್ಳಿ. ನಾನು ಒಲ್ಲೆ ಅಂದಿದ್ರೆ ಅಪ್ಪ ಏನೂ ಮಾಡೋ ಹಾಗಿರಲಿಲ್ಲ. ಅಪ್ಪನ ಕೈ ನಡುಗ್ತಿತ್ತು, ನಂದು ನಡುಗ್ತಿರಲಿಲ್ಲ" ಎನ್ನುತ್ತಾರೆ ಹತ್ತಿಯಕ್ಕ. "ನಿಜ ಹೇಳಬೇಕು ಅಂದ್ರೆ ನಂಗೆ ಒಳಗೊಳಗೇ ಖುಷಿ ಇತ್ತು. ಅಲ್ಲೀವರೆಗೆ ಹಳೇ ಮುಖಕ್ಕೆ ತೇಪೆ ಹಾಕಿದ್ದೇ ಹಾಕಿದ್ದು. ಮೊದಲನೇ ಸಲ ಒಂದು ಇಡೀ ಮುಖ ನಂದೇ ಅಂತ ಸಿಕ್ಕಿತ್ತು. ಯಾರನ್ನ ಎಬ್ಬಿಸಿ ಆ ಜಾಗ ಕೊಟ್ರು ಅಂತ ನಾನು ಯೋಚಿಸಲೇ ಇಲ್ಲ."

ಹೊಸ ಬಣ್ಣ ಹಿಡಿಯಲೆಂದು ಹತ್ತಿಯಕ್ಕ ಹಳೆಯ ಮುಖವನ್ನು ಎಮರಿ ಕಾಗದದಿಂದ ಚೆನ್ನಾಗಿ ಉಜ್ಜಿದರು. ಒಂದು ಇಡೀ ಬೆಳಗ್ಗೆ ಹಿಡಿಯಿತು. ನೆಲದ ಮೇಲೆ ಗೋಧಿಹಿಟ್ಟಿನ ಬಣ್ಣದ ಪುಡಿ ಬಿತ್ತು, ಅದನ್ನು ಅವರೇ ಗುಡಿಸಿದರು. ಅಳುವ ಮುಖ ಹೇಗೆ ಬರೆಯಬೇಕೆಂದು ಗೊತ್ತಿರಲಿಲ್ಲ. ಮನೆಯಿಂದ ಕೈಗನ್ನಡಿ ತಂದು ಮೂಗಿನ ಹತ್ತಿರ ಈರುಳ್ಳಿ ಹಿಡಿದು ತಮ್ಮ ಮುಖವನ್ನೇ ನೋಡಿಕೊಂಡು ಬರೆದರು. ಹದಿನೆಂಟು ದಿನಗಳಲ್ಲಿ ಕೆಲಸ ಮುಗಿಯಿತು. ಅಧ್ಯಕ್ಷರು ತಂದೆಯ ಬೆನ್ನು ತಟ್ಟಿದರು.

ಆ ವಾರ ತಾಯಿಯನ್ನು ಚಿತ್ರ ತೋರಿಸಲು ಕರೆದುಕೊಂಡು ಬಂದರು. ತಾಯಿಗೆ ಓದು ಬರೆಹ ಬರುತ್ತಿರಲಿಲ್ಲ. ಆದರೆ ಮಂದಿರಕ್ಕೆ ಬಂದಾಗಲೆಲ್ಲ ಎಂಟನೆಯವಳ ಎದುರಿನ ಬೆಂಚಿನಲ್ಲೇ ಕೂರುತ್ತಿದ್ದರು. ಅವಳೊಬ್ಬಳಿಗೆ ಮನೆಯಲ್ಲಿ ಒಂದು ಹೆಸರೂ ಇತ್ತು: 'ನಮ್ಮ ಮೇಷ್ಟ್ರಮ್ಮ'. ಏನಾದರೂ ಕಷ್ಟ ಬಂದರೆ "ಮೇಷ್ಟ್ರಮ್ಮ ಏನಂತಾಳೋ ನೋಡೋಣ" ಎನ್ನುತ್ತಿದ್ದರು. ಇದು ಮಗಳಿಗೆ ಗೊತ್ತಿತ್ತು. ಗೊತ್ತಿದ್ದೂ ನೆನಪಾಗಿರಲಿಲ್ಲ.

"ಅಮ್ಮ ಬಹಳ ಹೊತ್ತು ನಿಂತು ನೋಡಿದ್ಳು. 'ಚೆನ್ನಾಗಿ ಬರೆದಿದ್ದೀಯ ಕಣೇ' ಅಂದ್ಳು. ಆಮೇಲೆ ಆ ಕಡೆ ಈ ಕಡೆ ನೋಡಿ, 'ಅವಳೆಲ್ಲಿ?' ಅಂತ ಕೇಳಿದ್ಳು."

ಹತ್ತಿಯಕ್ಕ ಕಡ್ಡಿಯನ್ನು ಕೆಳಗಿಡುತ್ತಾರೆ. "ನಾನು ಏನೂ ಹೇಳಲಿಲ್ಲ. ಅಮ್ಮನೂ ಇನ್ನೊಂದು ಸಲ ಕೇಳಲಿಲ್ಲ. ಮುಂದೆ ಹದಿನಾಲ್ಕು ವರ್ಷ ಬದುಕಿದ್ಳು. ಮಂದಿರಕ್ಕೆ ಬರ್ತಿದ್ಳು. ಬೇರೆ ಬೆಂಚಲ್ಲಿ ಕೂರ್ತಿದ್ಳು. ಬೈದಿದ್ರೆ ಚೆನ್ನಾಗಿತ್ತು."

ತಂದೆ ತಾಯಿ ಇಬ್ಬರೂ ಹೋದ ಮೇಲೆ, ಹತ್ತಿಯಕ್ಕನಿಗೆ ನಲವತ್ತು ದಾಟಿದ್ದಾಗ, ದೂರದ ವಸ್ತುಸಂಗ್ರಹಾಲಯವೊಂದರಿಂದ ತಜ್ಞರೊಬ್ಬರು ಗೋಡೆಗಳನ್ನು ಪರೀಕ್ಷಿಸಲು ಬಂದರು. ನೀರು ಹೊತ್ತುಕೊಡಲು, ದೀಪ ಹಿಡಿಯಲು ಒಬ್ಬರು ಬೇಕಿತ್ತು. ಚಿತ್ರಕಾರನ ಮಗಳಲ್ಲವೇ ಎಂದು ಇವರನ್ನು ಕರೆದರು. ತಜ್ಞರು ಎಂಟು ತಿಂಗಳು ಇದ್ದರು. ಹತ್ತಿ ಸುತ್ತುವುದು, ಉರುಳಿಸುವುದು, ಎಲ್ಲಿ ನಿಲ್ಲಿಸಬೇಕೆಂಬುದು, ಎಲ್ಲವನ್ನೂ ಕಲಿಸಿದರು.

"ಅಲ್ಲೀವರೆಗೆ ಚಿತ್ರ ಬಿಡಿಸೋದು ಅಂದ್ರೆ ಬರೆಯೋದು ಅಂತ ಮಾತ್ರ ತಿಳ್ಕೊಂಡಿದ್ದೆ. ಸೆರೇಲಿದ್ದೋರನ್ನ ಹೊರಗೆ ತರೋದೂ ಬಿಡಿಸೋದೇ ಅಂತ ಆಮೇಲೆ ಗೊತ್ತಾಯ್ತು. ಒಂದಿನ ಆ ತಜ್ಞರು, 'ನೋಡಮ್ಮ, ಈ ಕೆಲಸಕ್ಕೆ ಇರೋದು ಒಂದೇ ನೇಮ. ಮುಂದೆ ಬರೋನು ತೆಗೆಯೋಕೆ ಆಗದೇ ಇರೋದನ್ನ ನೀನು ಗೋಡೆ ಮೇಲೆ ಹಚ್ಚಬೇಡ' ಅಂದ್ರು. ನಾನು ದಕ್ಷಿಣದ ಗೋಡೆ ಕಡೆ ತಿರುಗಿ ಸಹ ನೋಡಲಿಲ್ಲ. ಹೂಂ ಅಂದೆ."

ಯಾಕೆ ಆಗಲೇ ಹೇಳಲಿಲ್ಲ ಎಂದು ಕೇಳುತ್ತೇನೆ.

"ಅಪ್ಪನ ಹೆಸರು ಕೆಡುತ್ತೆ ಅಂತ." ಅವರೇ ಅದನ್ನು ತಿದ್ದುತ್ತಾರೆ. "ಅದು ಸುಳ್ಳು. ನನ್ನ ಕೆಲಸ ಹೋಗುತ್ತೆ ಅಂತ. ಮಗಳು ಸ್ಕೂಲಿಗೆ ಹೋಗ್ತಿದ್ಳು. ಆಮೇಲೆ ದಿನ ಕಳೆದ ಹಾಗೆ ಅದು ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಆಯ್ತು. ಮೊದಲ ದಿನ ತೆಗೆದ್ರೆ ತೆಗೆದ ಹಾಗೆ. ಬಿಟ್ರೆ ಮೇಲೆ ಚರ್ಮ ಬೆಳೆದು ಮುಚ್ಚಿಬಿಡುತ್ತೆ."

ಆ ಚರ್ಮ ಹರಿದದ್ದು ಮೂರು ವರ್ಷಗಳ ಹಿಂದೆ. ಬೇರೆ ಊರಿನ ಕಾಲೇಜಿನಲ್ಲಿ ಇತಿಹಾಸ ಹೇಳುವ ಅಧ್ಯಾಪಕಿಯೊಬ್ಬರು ಒಂದು ಹಳೆಯ ಫೋಟೊ ಹಿಡಿದು ಬಂದರು. ಯಾವುದೋ ಕಾಲದ ಆಡಳಿತ ಮಂಡಳಿಯವರು ಇದೇ ಗೋಡೆಯ ಮುಂದೆ ಸಾಲಾಗಿ ನಿಂತ ಗುಂಪುಚಿತ್ರ ಅದು. ಹದಿನಾಲ್ಕು ಗಂಡಸರು, ಎಲ್ಲರ ಎದೆಯೂ ಉಬ್ಬಿದೆ. ಇಬ್ಬರ ಹೆಗಲುಗಳ ಸಂದಿಯಲ್ಲಿ, ಹಿಂದಿನ ಗೋಡೆಯ ಮೇಲೆ, ಒಂದು ತೆರೆದ ಪುಸ್ತಕದ ಅಂಚು ಮತ್ತು ಮೇಲೆತ್ತಿದ ಒಂದು ಬೆರಳು ಕಾಣುತ್ತದೆ. ಮುಖವಿರುವ ಕಡೆ ಖಜಾಂಚಿಯ ಟೋಪಿ ಅಡ್ಡ ಬಂದಿದೆ.

ಗುರುವಿನ ಶಿಷ್ಯರಲ್ಲಿ ಹೆಂಗಸೊಬ್ಬಳು ಬೋಧಕಿಯಾಗಿದ್ದಳೆಂದು ಹಳೆಯ ಬರೆಹವೊಂದರಲ್ಲಿ ಅಧ್ಯಾಪಕಿ ಓದಿದ್ದರು. ಅದಕ್ಕೆ ಸಾಕ್ಷಿ ಹುಡುಕುತ್ತಿದ್ದರು. "ಈ ಬೆರಳು ಯಾರದು? ಈಗ ಎಲ್ಲಿಗೆ ಹೋಯಿತು?" ಎಂದು ಮಂದಿರದಲ್ಲಿದ್ದವರನ್ನೆಲ್ಲ ಕೇಳಿದರು. ಕಾವಲುಗಾರ ಗೊತ್ತಿಲ್ಲವೆಂದ. ಮಂಡಳಿಯವರು, ಕಾಲಾಂತರದಲ್ಲಿ ಮಾಸಿರಬಹುದು ಎಂದರು. ಹತ್ತಿಯಕ್ಕ ಅಟ್ಟಣೆಯ ಮೇಲೆ ಕೂತು ಇದನ್ನೆಲ್ಲ ಕೇಳುತ್ತಿದ್ದರು. ಅಧ್ಯಾಪಕಿ ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದರು. ಆಗ ಇವರು ಅಟ್ಟಣೆ ಇಳಿದರು.

"ಮಂಡಿ ನೋವಿತ್ತು, ಇಳಿಯೋಕೆ ಹೊತ್ತಾಯ್ತು. ಅಷ್ಟರಲ್ಲಿ ಆಯಮ್ಮ ಹೊರಟುಹೋದ್ರೆ ಚೆನ್ನಾಗಿರುತ್ತೆ ಅಂತಲೂ ಒಂದು ಮನಸ್ಸು. ಹೋಗಿರಲಿಲ್ಲ, ಚಪ್ಪಲಿ ಹಾಕ್ಕೋತಿದ್ರು. 'ಅದು ಮಾಸಿಲ್ಲಮ್ಮ, ನಾನು ಅಳಿಸಿದ್ದು' ಅಂದೆ."

ಅಧ್ಯಾಪಕಿ ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು, ಹಾಗೆಯೇ ನಿಂತುಬಿಟ್ಟರಂತೆ.

ಈಗಿನ ಅಧ್ಯಕ್ಷರು ಔಷಧಿ ಅಂಗಡಿ ನಡೆಸುವ ಸಾಧು ಮನುಷ್ಯ. ಸಿಟ್ಟಾಗಲಿಲ್ಲ. ಮೇಲಿನ ಬಣ್ಣ ತೆಗೆದು ನೋಡಲು ಒಪ್ಪಿದರು. ಹತ್ತಿಯಕ್ಕ ಮೊದಲೇ ಎಚ್ಚರಿಸಿದರು: "ಮುಖ ಸಿಗಲ್ಲ. ಉಜ್ಜಿದೋಳು ನಾನು, ನಂಗೆ ಗೊತ್ತು." ಆದರೂ ಶುರು ಮಾಡಿದರು. ಸುಣ್ಣದ ಗೋಡೆಯ ಮೇಲೆ ಎಣ್ಣೆಬಣ್ಣ ಗಟ್ಟಿ ಮುಚ್ಚಳದಂತೆ ಕೂತಿತ್ತು. ಎಂಜಲಿಗೆ ಬಗ್ಗುವಂಥದ್ದಲ್ಲ. ಶಸ್ತ್ರಚಿಕಿತ್ಸೆಯ ಸಣ್ಣ ಅಲಗಿನಿಂದ, ದಿನಕ್ಕೆ ಒಂದು ಅಕ್ಕಿಕಾಳಿನಷ್ಟು. ನಾಲ್ಕು ತಿಂಗಳು ಹಿಡಿಯಿತು. ಮೊದಲು ತೆರೆದದ್ದು ಮುಖದ ಜಾಗದ ಒಂದು ಮೂಲೆಯನ್ನು. ಅಡಿಯಲ್ಲಿ ಬರೀ ಬಿಳಿ ಸುಣ್ಣ, ಎಮರಿ ಕಾಗದದ ಗೀರುಗಳು. ಗೀರುಗಳ ದಿಕ್ಕು ನೋಡಿದರೆ ಕೈ ಯಾವ ಕಡೆಯಿಂದ ಯಾವ ಕಡೆಗೆ ಆಡಿತ್ತೆಂಬುದೂ ತಿಳಿಯುತ್ತಿತ್ತು.

"ಎಷ್ಟು ಚೊಕ್ಕಟವಾಗಿ ಉಜ್ಜಿದ್ದೆ ಗೊತ್ತಾ? ಒಂದು ಹುಬ್ಬಿನ ಕೂದಲೂ ಬಿಟ್ಟಿರಲಿಲ್ಲ. ಸೋಮಾರಿ ಆಗಿದ್ರೆ ಅವಳು ಉಳೀತಿದ್ಳು."

ಪುಸ್ತಕದ ಜಾಗವನ್ನು ಆಗ ಅಷ್ಟಾಗಿ ಉಜ್ಜಿರಲಿಲ್ಲ. ಅದರ ಮೇಲೆ ಬರೀ ಕಪ್ಪು ಕೂದಲಿನ ಬಣ್ಣ ಬಂದಿತ್ತು. ಅಲ್ಲಿ ಒಂದು ಬೆರಳು ಸಿಕ್ಕಿತು, ಅಂಗೈಯ ಅರ್ಧ, ಪುಸ್ತಕದ ಒಂದು ಪುಟ. ಪುಟದಲ್ಲಿ ಏನು ಬರೆದಿದೆಯೆಂದು ನೋಡಲು ಅಧ್ಯಾಪಕಿ ಬಸ್ಸು ಹಿಡಿದು ಓಡಿಬಂದರು. ಅಕ್ಷರಗಳೇ ಇರಲಿಲ್ಲ. ಅಕ್ಷರದಂತೆ ಕಾಣುವ ಗೀಟುಗಳು, ಅಷ್ಟೆ. ಆ ಕಾಲದ ಚಿತ್ರಕಾರನಿಗೂ ಓದು ಬರುತ್ತಿರಲಿಲ್ಲವೇನೋ. ಅಧ್ಯಾಪಕಿಯ ಮುಖ ಬಾಡಿತು. ಹತ್ತಿಯಕ್ಕನಿಗೆ ಮಾತ್ರ ಹಾಗೇನೂ ಅನ್ನಿಸಲಿಲ್ಲ. "ನಮ್ಮಮ್ಮಂಗೆ ಆ ಗೀಟೇ ಸಾಕಾಗಿತ್ತು."

ಈ ನಡುವೆ ಸುದ್ದಿ ಹರಡಿತು. ಒಂದು ಬೆಳಗ್ಗೆ ಬಟ್ಟೆ ಹೊಲಿಯುವ ಹೆಂಗಸೊಬ್ಬರು ಅಟ್ಟಣೆಯ ಕೆಳಗೆ ಬಂದು ನಿಂತರು. ಮೂವತ್ತು ವರ್ಷಗಳಿಂದ ವಾರಕ್ಕೊಮ್ಮೆ ಬಂದು, ಅಳುವ ಹೆಂಗಸಿನ ಮುಂದೆ ಕೂತು ಹೋಗುವವರು. ಎಳೆಯ ವಯಸ್ಸಿನಲ್ಲೇ ಒಂದು ಮಗುವನ್ನು ಕಳೆದುಕೊಂಡವರು.

"ಅಕ್ಕಾ, ಅವಳನ್ನ ಕೆರೆದು ಹಾಕ್ತೀರಂತೆ, ಹೌದಾ?"

"ಅವಳು ಅಲ್ಲಿರಬೇಕಾದೋಳಲ್ಲಮ್ಮ. ಅಲ್ಲಿ ಬೇರೆಯವಳಿದ್ಳು."

"ಇದ್ದಿರಬಹುದು. ನಂಗೆ ಅವಳು ಗೊತ್ತಿಲ್ಲ, ಇವಳು ಗೊತ್ತು. ನನ್ನ ಜತೆ ಕೂತು ಅತ್ತೋಳು ಇವಳೊಬ್ಬಳೇ. ಮನೇಲಿ ಎಲ್ಲಾರೂ ಸಾಕು ಸುಮ್ಮನಿರು ಅಂದ್ರು."

ಹತ್ತಿಯಕ್ಕ ಕೆಳಗಿಳಿದು ಅವರ ಪಕ್ಕ ಕೂತರು. ಆ ಮುಖ ಯಾರು ಬರೆದದ್ದು, ಕೈಗನ್ನಡಿ, ಈರುಳ್ಳಿ, ಎಲ್ಲವನ್ನೂ ಹೇಳಿದರು. ದರ್ಜಿ ಹೆಂಗಸು ಚಿತ್ರವನ್ನು ನೋಡಿದರು, ಹತ್ತಿಯಕ್ಕನ ಸುಕ್ಕುಬಿದ್ದ ಮುಖವನ್ನು ನೋಡಿದರು, ಮತ್ತೆ ಚಿತ್ರವನ್ನು ನೋಡಿದರು.

"ಹಾಗಾದ್ರೆ ಇಷ್ಟು ವರ್ಷ ನಾನು ಅತ್ತದ್ದು ನಿಮ್ಮ ಮುಂದೇನಾ?"

"ನನ್ನ ಮುಂದೇನೇ. ಅದೂ ಈರುಳ್ಳಿ ಕಣ್ಣೀರು."

ಇಬ್ಬರಿಗೂ ನಗು ಬಂತಂತೆ. ಆಮೇಲೆ ಇಬ್ಬರೂ ಅತ್ತರಂತೆ. "ಈ ಸಲ ಈರುಳ್ಳಿ ಬೇಕಾಗಲಿಲ್ಲ" ಎನ್ನುತ್ತಾರೆ ಹತ್ತಿಯಕ್ಕ. ಆವತ್ತೇ ಅಲಗನ್ನು ಡಬ್ಬಿಯಲ್ಲಿಟ್ಟರು. ತೆರೆದಿದ್ದ ಅಂಗೈಯಗಲದ ಜಾಗದಿಂದ ಮುಂದೆ ಹೋಗಲಿಲ್ಲ. ಅಡಿಯಲ್ಲಿ ಮುಖ ಇದ್ದಿದ್ದರೆ ಬಿಡುತ್ತಿರಲಿಲ್ಲವಂತೆ. ಇಲ್ಲದ ಒಬ್ಬಳಿಗಾಗಿ ಇರುವ ಇನ್ನೊಬ್ಬಳನ್ನೂ ಕೊಲ್ಲುವುದು ಬೇಡ ಎನ್ನಿಸಿತಂತೆ.

ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಮಂಡಳಿಯ ಸಭೆಯಲ್ಲಿ ಅಧ್ಯಕ್ಷರು ಒಂದು ದಾರಿ ಸೂಚಿಸಿದರು. "ಅಮ್ಮಾ, ಎಂಟನೆಯವಳ ಮುಖ ಅಷ್ಟು ಹತ್ತಿರದಿಂದ ನೋಡಿದೋರಲ್ಲಿ ಬದುಕಿರೋದು ನೀವೊಬ್ಬರೇ. ಪಕ್ಕದಲ್ಲಿ ಖಾಲಿ ಜಾಗ ಇದೆ. ನೆನಪಿನಿಂದ ಬರೆದುಬಿಡಿ. ನಾವೆಲ್ಲ ಒಪ್ತೀವಿ." ಅಧ್ಯಾಪಕಿಯೂ ಕೈ ಮುಗಿದು ಕೇಳಿಕೊಂಡರು.

ಹತ್ತಿಯಕ್ಕ ಒಂದು ವಾರ ಸಮಯ ಕೇಳಿದರು. ಮನೆಯಲ್ಲಿ ಕಾಗದದ ಮೇಲೆ ಪ್ರಯತ್ನಿಸಿದರು. ಮಗಳು ಆ ಹಾಳೆಗಳನ್ನು ನೋಡಿದ್ದಾಳೆ. "ಇಪ್ಪತ್ತು ಹಾಳೆ ಇದ್ದಿರಬೇಕು. ಎಲ್ಲಾದ್ರಲ್ಲೂ ಅಜ್ಜಿ ಮುಖವೇ ಬಂದಿತ್ತು" ಎನ್ನುತ್ತಾಳೆ.

ವಾರ ಮುಗಿದ ಮೇಲೆ ಸಭೆಗೆ ಹೋಗಿ ಆಗುವುದಿಲ್ಲವೆಂದರು. "ನೆನಪಿದೆ ಅಂತಲೇ ಅಂದ್ಕೊಂಡಿದ್ದೆ. ಬರೆಯೋಕೆ ಕೂತ್ರೆ ನಮ್ಮಮ್ಮನೇ ಬರ್ತಾಳೆ. ಅಮ್ಮನ್ನ ಬರೆದು ಇವಳೇ ಅವಳು ಅಂತ ಹೇಳಿದ್ರೆ ಯಾರಿಗೂ ಗೊತ್ತಾಗಲ್ಲ. ಆವತ್ತೂ ಯಾರಿಗೂ ಗೊತ್ತಾಗಲಿಲ್ಲ. ಒಂದು ಸಲ ಅವಳ ಜಾಗದಲ್ಲಿ ನನ್ನ ಕೂರಿಸಿದೆ. ಇನ್ನೊಂದು ಸಲ ನಮ್ಮಮ್ಮನ್ನ ಕೂರಿಸಲಾ? ಅವಳ ಮುಖ ಹೋಯ್ತು. ಹೋಯ್ತು ಅಂತಲೇ ಇರಲಿ."

ಈಗ ದಕ್ಷಿಣದ ಗೋಡೆಗೆ ಹೋಗಿ ನೋಡಿದರೆ ಅಳುವವಳು ಇದ್ದಾಳೆ. ಅವಳ ಬಿಚ್ಚಿದ ಕೂದಲಿನ ನಡುವಿನಿಂದ ಒಂದು ಬೆರಳು ಮೇಲೆದ್ದಿದೆ, ಅದರ ಕೆಳಗೆ ಗೀಟುಗಳ ಒಂದು ಪುಟ. ಮೇಲೆ ಹೆಬ್ಬೆಟ್ಟಿನಗಲ ಬಿಳಿ ಸುಣ್ಣ. ಗೊತ್ತಿಲ್ಲದವರಿಗೆ ಗೋಡೆ ಸೀಳಿದಂತೆ ಕಾಣುತ್ತದೆ. ಕೆಳಗೆ ಒಂದು ಫಲಕ ಹಾಕಬೇಕೆಂದು ತೀರ್ಮಾನವಾಗಿದೆ. ಮಂಡಳಿ ಬರೆದ ಕರಡಿನಲ್ಲಿ 'ಮೂಲ ಚಿತ್ರವು ಕಾಲಾಂತರದಲ್ಲಿ ಮಾಸಿಹೋಗಿರುತ್ತದೆ' ಎಂದಿತ್ತು. ಹತ್ತಿಯಕ್ಕ ಅದರ ಮೇಲೆ ಪೆನ್ಸಿಲಿನಲ್ಲಿ ಗೀಟು ಎಳೆದು, ಪಕ್ಕದಲ್ಲಿ 'ಅಳಿಸಲಾಯಿತು. ಅಳಿಸಿದವಳು ಚಿತ್ರಕಾರನ ಮಗಳು' ಎಂದು ಬರೆದು ವಾಪಸು ಕೊಟ್ಟಿದ್ದಾರೆ. ಮೂರು ಸಭೆ ಆಗಿದೆ, ಫಲಕ ಇನ್ನೂ ಬಂದಿಲ್ಲ. ಮಂದಿರದ ಗೌರವದ ಪ್ರಶ್ನೆ ಎನ್ನುತ್ತಾರಂತೆ ಕೆಲವರು. "ಅಪ್ಪನ ಕಾಲದಲ್ಲಿ ಬರೆದ ನೂರಾರು ಮುಖಕ್ಕೆ ನನ್ನ ಹೆಸರು ಕೇಳಲಿಲ್ಲ. ಇದೊಂದಕ್ಕೆ ಕೇಳ್ತಿದ್ದೀನಿ, ಇದನ್ನೂ ಕೊಡಲ್ಲ ಅಂತಾರೆ ನೋಡಿ" ಎಂದು ಅವರು ತಲೆ ಕೊಡವುತ್ತಾರೆ.

ಹತ್ತು ಗಂಟೆಗೆ ಬೆಳಕು ಗೋಡೆಯಿಂದ ಜಾರುತ್ತದೆ. ಹತ್ತಿಯಕ್ಕ ಕಡ್ಡಿಗಳನ್ನು ಕಟ್ಟಿಡುತ್ತಾರೆ. ಕಣ್ಣಿನಲ್ಲಿ ಪೊರೆ ಬರುತ್ತಿದೆ, ಶಸ್ತ್ರಚಿಕಿತ್ಸೆಯಾದರೂ ಇಷ್ಟು ಸೂಕ್ಷ್ಮದ ಕೆಲಸಕ್ಕೆ ಮೊದಲಿನಂತೆ ಆಗುವ ಭರವಸೆ ಇಲ್ಲವೆಂದು ವೈದ್ಯರು ಹೇಳಿದ್ದಾರಂತೆ. ಬೇಸರವಿಲ್ಲವೇ ಎಂದರೆ ನನ್ನನ್ನು ಉತ್ತರದ ಗೋಡೆಯ ಮೂಲೆಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಗುರುವಿನ ಮಾತು ಕೇಳಲು ನೆರೆದ ಗುಂಪಿನ ಚಿತ್ರವಿದೆ. ಮುನ್ನೂರು ವರ್ಷಗಳ ದೀಪದ ಮಸಿ ಅದರ ಮೇಲೆ ಕಂಬಳಿಯಂತೆ ಕೂತಿದೆ. ಒಂದೇ ಒಂದು ಕಡೆ ಮಸಿ ಸರಿದಿದೆ. ಅಲ್ಲಿ ಒಂದು ಹೆಗಲು, ಮಡಿಸಿದ ಒಂದು ಮೊಣಕೈ.

"ಇದು ಹೆಂಗಸಿನ ಕೈ. ನನ್ನ ಐವತ್ತಮೂರರ ಲೆಕ್ಕದಲ್ಲಿ ಇವಳಿರಲಿಲ್ಲ, ಹೋದ ತಿಂಗಳು ಸಿಕ್ಕಿದ್ಳು. ಮೊಣಕೈ ಮಡಿಸಿದ್ದಾಳೆ, ಆದ್ರೆ ಕೈಯಲ್ಲಿ ಏನಿದೆ ಅಂತ ಇನ್ನೂ ಗೊತ್ತಿಲ್ಲ. ಮಗು ಇರಬಹುದು, ಕೊಡ ಇರಬಹುದು. ಕಣ್ಣೊರೆಸ್ಕೋತಾ ಇರಬಹುದು. ನನ್ನ ಕಣ್ಣು ಹೋಗೋದ್ರೊಳಗೆ ಅವಳ ಬೆರಳ ತುದಿ ತನಕ ಹೋಗಬೇಕು. ಅಷ್ಟೇ ಆಸೆ."

ಕೈಯಲ್ಲಿ ಏನಿರಬೇಕೆಂದು ನಿಮಗಿಷ್ಟ ಎಂದು ಕೇಳುತ್ತೇನೆ.

ಹತ್ತಿಯಕ್ಕ ನನ್ನತ್ತ ತಿರುಗಿ ನೋಡುತ್ತಾರೆ.

"ನನ್ನಿಷ್ಟ ಯಾರು ಕೇಳಿದ್ರು? ಅವಳು ಏನು ಹಿಡ್ಕೊಂಡಿದ್ದಾಳೋ ಅದನ್ನ ಹಿಡ್ಕೊಂಡಿರಲಿ."